ಶ್ರೀರಂಗಪಟ್ಟಣದ ಪದಕವೂ ನಮ್ಮ ಸೀಮೆಯ ಕ್ರೈಸ್ತರೂ

ದೇವಾಲಯದ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಯುದ್ಧದ ಪದಕಗಳನ್ನು ಕುರಿತ ಲೇಖನವೇಕೆ ಎಂದು ಭಕ್ತಜನರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ಬಾಳಿದ ಕ್ರೈಸ್ತರ ಚರಿತ್ರೆಯೂ, ಈ ನೆಲವನ್ನು ಗೆದ್ದವರು ತಮ್ಮ ಗೆಲವಿನ ನೆನಪಿಗಾಗಿ ಅಚ್ಚುಹಾಕಿಸಿದ ಲೋಹದ ಬಿಲ್ಲೆಗಳ ಚರಿತ್ರೆಯೂ ಒಂದೇ ದಿನದಲ್ಲಿ ಸಂಧಿಸುತ್ತವೆ. ಆ ದಿನ 1799ನೆಯ ಇಸವಿ ಮೇ ತಿಂಗಳ 4ನೆಯ ತಾರೀಖು. ಅಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟಿಪ್ಪು ಸುಲ್ತಾನನು ಹೋರಾಡುತ್ತಲೇ ಮಡಿದನು. ಹದಿನೈದು ವರ್ಷಗಳಿಂದ ಸೆರೆಯಲ್ಲಿದ್ದ ಕೆನರಾ ಸೀಮೆಯ ಕಥೋಲಿಕ ಕ್ರೈಸ್ತರಲ್ಲಿ ಬದುಕುಳಿದವರಿಗೆ ಬಿಡುಗಡೆಯಾಯಿತು. ಈ ಮೂರರಲ್ಲಿ ಮೊದಲನೆಯದಕ್ಕೆ ಮಾತ್ರ ಪದಕ ಹುಟ್ಟಿತು. ಮೂರನೆಯದಕ್ಕೆ ಏನು ಉಳಿದಿದೆ ಎಂಬುದೇ ನಮ್ಮ ಪ್ರಶ್ನೆ.

ಪದಕಗಳನ್ನು ಸಂಗ್ರಹಿಸುವುದು ನಾಣ್ಯಗಳನ್ನು ಸಂಗ್ರಹಿಸುವಷ್ಟೇ ಹಳೆಯ ಹವ್ಯಾಸ. ಆದರೂ ಎರಡಕ್ಕೂ ಒಂದು ಭೇದವಿದೆ. ನಾಣ್ಯವು ಸಂತೆಗೆ ಹೋಗುತ್ತದೆ, ಕೈಯಿಂದ ಕೈಗೆ ಸವೆಯುತ್ತದೆ. ಪದಕಕ್ಕೆ ಸಂತೆಯಲ್ಲಿ ಬೆಲೆಯಿಲ್ಲ. ಅದು ಎದೆಯ ಮೇಲೋ ಪೆಟ್ಟಿಗೆಯ ತಳದಲ್ಲೋ ಇದ್ದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿರುತ್ತದೆ. ಆ ಮಾತು ಅದನ್ನು ಹೊಡೆಸಿದವನ ಮಾತು ಎಂಬುದನ್ನು ಸಂಗ್ರಹಕಾರನು ಮರೆಯಬಾರದು.

ನಮ್ಮ ಸೀಮೆಗೆ ಸಂಬಂಧಪಟ್ಟ ಪದಕಗಳಲ್ಲಿ ಮೊದಲು ಹೇಳಬೇಕಾದದ್ದು 1791 ಮತ್ತು 1792ರ ಮೈಸೂರು ಯುದ್ಧದ ಪದಕ. ಈಸ್ಟ್ ಇಂಡಿಯಾ ಕಂಪನಿಯವರು ಇದನ್ನು ತಮ್ಮ ದೇಶೀ ಸಿಪಾಯಿಗಳಿಗೆ, ಮುಖ್ಯವಾಗಿ ಬಂಗಾಳ ಸೈನ್ಯದವರಿಗೆ, ಚಿನ್ನ ಬೆಳ್ಳಿಗಳಲ್ಲಿ ದರ್ಜೆಗೆ ತಕ್ಕ ಗಾತ್ರದಲ್ಲಿ ಕೊಟ್ಟರು. ಒಂದು ಮುಖದಲ್ಲಿ ಸಿಪಾಯಿಯೊಬ್ಬನು ಬಲಗೈಯಲ್ಲಿ ಇಂಗ್ಲಿಷರ ಬಾವುಟವನ್ನು ಎತ್ತಿಹಿಡಿದು, ಎಡಗೈಯಲ್ಲಿ ಶತ್ರುವಿನ ಬಾವುಟವನ್ನು ತಲೆಕೆಳಗಾಗಿ ಹಿಡಿದು, ಫಿರಂಗಿಯ ಮೇಲೆ ಕಾಲಿಟ್ಟು ನಿಂತಿದ್ದಾನೆ. ಅವನ ಹಿಂದೆ ಕೋಟೆಯ ನೋಟವಿದೆ. ಮತ್ತೊಂದು ಮುಖದಲ್ಲಿ ಇಂಗ್ಲಿಷ್ ಬರಹವೂ ಪಾರ್ಸಿ ಬರಹವೂ ಉಂಟು.

ಈ ಪದಕವನ್ನು ನೋಡಿದವರಿಗೆ ಆ ಯುದ್ಧವು ಆರಂಭದಿಂದ ಕೊನೆಯವರೆಗೆ ಗೆಲವೇ ಆಗಿತ್ತೆಂದು ತೋರಬಹುದು. ನಮ್ಮ ಊರುಗಳಿಗೆ ಬೇರೆ ನೆನಪಿದೆ. 1791ರ ಮೇ 15ರಂದು ಅರಕೆರೆಯ ಬಳಿ ಕಾದಾಡಿದ ಮೇಲೆ ಕಾರ್ನ್‌ವಾಲಿಸನು ಕಾವೇರಿಯ ದಡ ಹಿಡಿದು ಕನ್ನಂಬಾಡಿಯವರೆಗೆ ಬಂದನು. ಅಲ್ಲಿ ಮಳೆ ಹಿಡಿಯಿತು, ದವಸ ತೀರಿತು, ಎತ್ತುಗಳು ಸಾವಿರಗಟ್ಟಲೆ ಸತ್ತುವು. ಎಳೆದುಕೊಂಡು ಹೋಗಲು ಎತ್ತುಗಳಿಲ್ಲದೆ ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ಅವನು ತಾನೇ ಒಡೆಸಿ ಹಾಕಿ ಹಿಂದಿರುಗಿದನು. ಮೇಲುಕೋಟೆಯ ಕಡೆಯಲ್ಲಿ ಮರಾಠರ ದಂಡು ಎದುರಾಗಿ, ಅವರ ಬಜಾರಿನ ಕಾಳುಕಡ್ಡಿಯಿಂದ ಕಂಪನಿಯ ಹಸಿದ ಸೈನ್ಯವು ಪ್ರಾಣ ಉಳಿಸಿಕೊಂಡಿತು. ಅದೇ ಮರಾಠರ ದಂಡಿನಿಂದ ನಾಗಮಂಗಲ ಪಟ್ಟಣವು ಪಟ್ಟ ಪಾಡನ್ನು ಆ ತಾಲ್ಲೂಕಿನವರಿಗೆ ನಾವು ಹೇಳಬೇಕಾಗಿಲ್ಲ. ಅತ್ತಿಕುಪ್ಪೆ ಎಂದು ಆಗ ಹೆಸರಾಗಿದ್ದ ಕೃಷ್ಣರಾಜಪೇಟೆಯ ಸೀಮೆಯೂ ದಂಡುಗಳು ಹಾದುಹೋಗುವ ದಾರಿಯಾಗಿತ್ತು. ಇದಾವುದೂ ಪದಕದ ಮೇಲಿಲ್ಲ. ಒಡೆದ ಫಿರಂಗಿಯನ್ನೂ ಸುಟ್ಟ ಊರನ್ನೂ ಯಾವ ಟಂಕಸಾಲೆಯವನು ತಾನೆ ಅಚ್ಚುಹಾಕುತ್ತಾನೆ?

1792ರ ಒಪ್ಪಂದದಂತೆ ಟಿಪ್ಪುವು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು; ತನ್ನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. ಕಾರ್ನ್‌ವಾಲಿಸನು ಆ ಬಾಲಕರನ್ನು ಬರಮಾಡಿಕೊಳ್ಳುವ ದೃಶ್ಯವನ್ನು ಕೊನ್ರಾಡ್ ಹೈನ್ರಿಕ್ ಕ್ಯೂಕ್ಲರ್ ಎಂಬ ಕುಶಲಿಯು ಲ್ಯಾಟಿನ್ ಬರಹದೊಡನೆ ಒಂದು ದೊಡ್ಡ ಬಿಲ್ಲೆಯಲ್ಲಿ ಕೊರೆದನು. ಇದು ಸಿಪಾಯಿಗಳಿಗೆ ಹಂಚಿದ ಪದಕವಲ್ಲ. ಇಂಗ್ಲೆಂಡಿನ ಶ್ರೀಮಂತರು ಕೊಂಡು ಇಟ್ಟುಕೊಳ್ಳುವ ಅಲಂಕಾರದ ವಸ್ತು. ತಂದೆಯಿಂದ ಅಗಲಿದ ಮಕ್ಕಳ ಸಂಕಟವೂ ಹೀಗೆ ಮೇಜಿನ ಮೇಲಿನ ಸೊಗಸಾಗಿ ಮಾರಾಟವಾಯಿತೆಂಬುದು ನಮಗೆ ಅಷ್ಟು ಹಿತವಾಗಿ ಕಾಣುವುದಿಲ್ಲ.

ಇನ್ನು ಮುಖ್ಯವಾದ ಪದಕಕ್ಕೆ ಬರೋಣ. ಸಂಗ್ರಹಕಾರರು ಶ್ರೀರಂಗಪಟ್ಟಣದ ಪದಕವೆಂದೇ ಕರೆಯುವ ಇದನ್ನು ಕೊರೆದವನೂ ಅದೇ ಕ್ಯೂಕ್ಲರ್. ಅಚ್ಚಾದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಎಂಬಲ್ಲಿ, ಮ್ಯಾಥ್ಯೂ ಬೋಲ್ಟನ್ನನ ಉಗಿಯಂತ್ರದ ಟಂಕಸಾಲೆಯಲ್ಲಿ. ಕೋಟೆ ಬಿದ್ದದ್ದು 1799ರಲ್ಲಿ. ಪದಕಗಳು ಸೈನಿಕರಿಗೆ ಹಂಚಿಕೆಯಾದದ್ದು 1808ರ ಹೊತ್ತಿಗೆ. ನಡುವಿನ ಒಂಬತ್ತು ವರ್ಷಗಳಲ್ಲಿ ಎಷ್ಟು ಮಂದಿ ಸಿಪಾಯಿಗಳು ಬೇರೆ ಯುದ್ಧಗಳಲ್ಲಿಯೂ ಬೇನೆಗಳಲ್ಲಿಯೂ ತೀರಿಹೋಗಿರಬಹುದು ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಮುಮ್ಮುಖದಲ್ಲಿ ಕೋಟೆಯ ಮುರಿದ ಗೋಡೆಯನ್ನು ಸೈನಿಕರು ಹತ್ತುತ್ತಿರುವ ನೋಟವಿದೆ. ಮೇಲೆ ಸೂರ್ಯನು ನಡುನೆತ್ತಿಯಲ್ಲಿದ್ದಾನೆ. ದಾಳಿ ನಡೆದದ್ದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಬೇಸಗೆಯಲ್ಲಿ ಕಾವೇರಿಯ ನೀರು ಇಳಿದು ಬಂಡೆಗಳು ಮೇಲೆದ್ದಿದ್ದ ಹೊತ್ತಿನಲ್ಲಿ ಎಂಬುದನ್ನು ಅದು ಸೂಚಿಸುತ್ತದೆ. ಕೆಳಗೆ ಪಾರ್ಸಿಯಲ್ಲಿ, ಶ್ರೀರಂಗಪಟ್ಟಣದ ಕೋಟೆಯು ದೇವರ ಕೊಡುಗೆಯೆಂಬ ಅರ್ಥದ ಬರಹವೂ ದಿನಾಂಕವೂ ಇವೆ. ಹಿಮ್ಮುಖದಲ್ಲಿ ಸಿಂಹವೊಂದು ಹುಲಿಯನ್ನು ನೆಲಕ್ಕೆ ಕೆಡವಿ ತುಳಿಯುತ್ತಿದೆ. ಸಿಂಹವು ಬ್ರಿಟನ್ನಿನ ಲಾಂಛನ, ಹುಲಿಯು ಟಿಪ್ಪುವಿನದು. ಹಿಂದೆ ಹಾರುವ ಬಾವುಟದ ಮೇಲೆ ಅರಬ್ಬಿಯಲ್ಲಿ ‘ಅಸದುಲ್ಲಾಹಿಲ್ ಗಾಲಿಬ್’, ಅಂದರೆ ದೇವರ ಸಿಂಹವು ಜಯಶಾಲಿ, ಎಂದು ಬರೆದಿದೆ.

ಈ ಮಾತಿನಲ್ಲಿ ಒಂದು ಸ್ವಾರಸ್ಯವಿದೆ. ಇದು ಇಂಗ್ಲಿಷರು ಹೊಸೆದ ಮಾತಲ್ಲ. ಟಿಪ್ಪುವೇ ತನ್ನ ಕತ್ತಿ ಬಂದೂಕುಗಳ ಮೇಲೆ, ಅಕ್ಷರಗಳು ಹುಲಿಯ ಮುಖದಂತೆ ಕಾಣುವ ಹಾಗೆ ಹೆಣೆಯಿಸಿ, ಕೊರೆಸುತ್ತಿದ್ದ ವಾಕ್ಯ ಅದು. ಗೆದ್ದವರು ಸೋತವನ ಖಜಾನೆಯನ್ನಷ್ಟೇ ಅಲ್ಲದೆ ಅವನ ನುಡಿಯನ್ನೂ ಕೊಂಡೊಯ್ದು ಅವನ ಹುಲಿಯ ಮೇಲೆಯೇ ಹೇರಿದರು. ಗಂಜಾಮಿನ ಬಳಿಯ ದರಿಯಾ ದೌಲತ್ ಬಾಗಿನ ಗೋಡೆಯನ್ನು ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಲ್ಲಿ 1780ರ ಪೊಲ್ಲಿಲೂರಿನ ಕಾಳಗದ ಚಿತ್ರವಿದೆ. ಅದರಲ್ಲಿ ಸೋತು ಕಂಗೆಟ್ಟು ಪಲ್ಲಕ್ಕಿಯಲ್ಲಿ ಕುಳಿತವನು ಇಂಗ್ಲಿಷರ ಸೇನಾಪತಿ ಬೈಲಿ. ಗೆದ್ದವರು ಹೈದರನೂ ಟಿಪ್ಪುವೂ. ಒಬ್ಬರು ಗೋಡೆಯ ಮೇಲೆ ಬಣ್ಣದಲ್ಲಿ ಬರೆಯಿಸಿದರು, ಇನ್ನೊಬ್ಬರು ಲೋಹದಲ್ಲಿ ಒತ್ತಿಸಿದರು.

ಲೋಹಗಳ ಹಂಚಿಕೆಯಂತೂ ಮನುಷ್ಯರ ದರ್ಜೆಗಳ ಪಟ್ಟಿಯೇ ಆಗಿದೆ. ಅತ್ಯುನ್ನತ ಅಧಿಕಾರಿಗಳಿಗೂ ಸೇನಾಪತಿಗಳಿಗೂ ಚಿನ್ನ. ಅವರ ಕೆಳಗಿನ ದೊಡ್ಡ ಅಧಿಕಾರಿಗಳಿಗೆ ಚಿನ್ನದ ಮುಲಾಮಿನ ಬೆಳ್ಳಿ. ಕ್ಯಾಪ್ಟನ್ ಮೊದಲಾದವರಿಗೆ ಬೆಳ್ಳಿ. ಅವರ ಕೆಳಗಿನವರಿಗೆ ಕಂಚು. ಸಾಮಾನ್ಯ ಸೈನಿಕನಿಗೂ ಸಿಪಾಯಿಗೂ ತವರ. ಸೋಹೊದಲ್ಲಿ ಅಚ್ಚಾದವುಗಳ ಲೆಕ್ಕವನ್ನು ಚಿನ್ನ 30, ಮುಲಾಮಿನವು 185, ಬೆಳ್ಳಿ 850, ಕಂಚು 5,000, ತವರ ಸುಮಾರು 45,000 ಎಂದು ಕೊಡುತ್ತಾರೆ. ಇವಲ್ಲದೆ ಕಲ್ಕತ್ತೆಯ ಟಂಕಸಾಲೆಯಲ್ಲಿ ಚಿನ್ನದ 83ನ್ನೂ ಬೆಳ್ಳಿಯ 2,786ನ್ನೂ ಹೊಡೆದರು.

ಈ ಅಂಕಿಗಳನ್ನು ನೋಡಿದರೆ ತವರದ ಪದಕವೇ ಎಲ್ಲಕ್ಕಿಂತ ಸುಲಭವಾಗಿ ದೊರೆಯಬೇಕು. ಆದರೆ ಒಳ್ಳೆಯ ಸ್ಥಿತಿಯಲ್ಲಿರುವ ತವರದ ಪದಕವನ್ನು ಸಂಗ್ರಹಕಾರರು ಹುಡುಕಿಯೇ ಪಡೆಯಬೇಕಾಗಿದೆ. ಚಿನ್ನ ಬೆಳ್ಳಿಗಳನ್ನು ಅಧಿಕಾರಿಗಳ ವಂಶಸ್ಥರು ಮಖಮಲ್ಲಿನ ಪೆಟ್ಟಿಗೆಗಳಲ್ಲಿ ಕಾಪಾಡಿದರು. ತವರವೋ ಮೆತ್ತನೆಯ ಲೋಹ. ಉಗುರು ತಾಗಿದರೆ ಗೀಚುತ್ತದೆ, ಬಿದ್ದರೆ ನೆಗ್ಗುತ್ತದೆ, ಅಡಿಗೆಯ ಒಲೆಯ ಉರಿಗೇ ಕರಗುತ್ತದೆ. ನಮ್ಮ ಮನೆಗಳಲ್ಲಿ ತವರವೆಂದರೆ ಕಲಾಯಿಯ ಲೋಹ. ಕಷ್ಟಕಾಲ ಬಂದ ಸಿಪಾಯಿಯ ಮನೆಯಲ್ಲಿ ಆ ಬಿಲ್ಲೆಯು ತಾಮ್ರದ ಹಂಡೆಯ ಒಳಮೈಗೆ ಕಲಾಯಿಯಾಗಿ ಹತ್ತಿಹೋಗಿರುವುದು ಆಶ್ಚರ್ಯವೇನಲ್ಲ. ಮತ್ತೊಂದು ಮಾತು: ಈ ಪದಕದ ಅಂಚಿನಲ್ಲಿ ಪಡೆದವನ ಹೆಸರಿಲ್ಲ. ಹೆಸರಿಲ್ಲದೆ ಕೊಟ್ಟದ್ದರಿಂದ, ಮನೆಯವರ ಬಾಯಲ್ಲಿ ನೆನಪು ಅಳಿದ ದಿನವೇ ಅದು ಯಾರದೂ ಅಲ್ಲದ ವಸ್ತುವಾಗುತ್ತದೆ.

ಈ 45,000 ಬಿಲ್ಲೆಗಳನ್ನು ಪಡೆದವರಲ್ಲಿ ನಮ್ಮ ಧರ್ಮದವರೂ ಇದ್ದರು. ಮದರಾಸಿನ ಸೈನ್ಯದಲ್ಲಿ ದೇಶೀ ಕ್ರೈಸ್ತರು, ವಿಶೇಷವಾಗಿ ನಗಾರಿ ಕೊಳಲುಗಳ ವಾದ್ಯಗಾರರಾಗಿ, ಸೇವೆ ಮಾಡುತ್ತಿದ್ದರು. ಮುತ್ತಿಗೆಯಲ್ಲಿ ದ ಮ್ಯೂರನ್ ಎಂಬ ಸ್ವಿಸ್ ದಳವೂ ಇದ್ದಿತು. ಅದರ ಅಧಿಕಾರಿಗಳ ಸಮಾಧಿಗಳನ್ನು ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಇಂದಿಗೂ ಕಾಣಬಹುದು. ಕೋಟೆಯ ಒಳಗೂ ಕ್ರೈಸ್ತರಿದ್ದರು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದುದು ಅವರಿಂದಲೇ. ಅದು ಇಂದಿನ ಪಾಂಡವಪುರ. ಕಂಪನಿಯವರ ಗುಂಡಿಗೆ ಎದೆಯೊಡ್ಡಿ ನಿಂತವರಲ್ಲಿ ಮರಿಯಮ್ಮನವರ ಜಪಸರ ಹಿಡಿದವರೂ ಇದ್ದರು. ಆದುದರಿಂದ ಈ ಪದಕವನ್ನು ಕ್ರೈಸ್ತರ ಗೆಲವಿನ ಪದಕವೆಂದು ಬಗೆಯುವವರ ಮಾತನ್ನು ನಾವು ಒಪ್ಪುವುದಿಲ್ಲ. ಅದು ಕಂಪನಿಯ ಗೆಲವಿನ ಪದಕ, ಬೇರೆಯಲ್ಲ.

ನಿಜವಾಗಿ ನಮ್ಮವರೆಂದು ಹೇಳಬೇಕಾದವರು ಆ ಬಿಲ್ಲೆಯ ಎರಡು ಮುಖಗಳಲ್ಲಿಯೂ ಕಾಣುವುದಿಲ್ಲ. 1784ರ ಬೂದಿ ಬುಧವಾರದ ಹೊತ್ತಿಗೆ ಕೆನರಾದ ಕಥೋಲಿಕರನ್ನು ಹಿಡಿದು, ಘಟ್ಟವನ್ನು ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದರು. ದಾರಿಯಲ್ಲಿ ಮುದುಕರೂ ಮಕ್ಕಳೂ ಸತ್ತರು. ಇಲ್ಲಿಗೆ ಬಂದ ಮೇಲೆ ಬೇನೆಯಿಂದಲೂ ಹಸಿವಿನಿಂದಲೂ ಇನ್ನಷ್ಟು ಜನ ಸತ್ತರು. ಪ್ರಾಯದವರನ್ನು ಮತಾಂತರಿಸಿ ದಂಡಿಗೆ ಸೇರಿಸಿದರು. ಅವರ ಸಂಖ್ಯೆ ಅರವತ್ತು ಸಾವಿರಕ್ಕೂ ಮಿಗಿಲೆಂದು ಅಬ್ಬೆ ದ್ಯುಬುವಾ ಸ್ವಾಮಿಗಳು 1823ರಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಬರೆದಿದ್ದಾರೆ. ಇತರರ ಲೆಕ್ಕ ಅದಕ್ಕಿಂತ ಕಡಮೆಯೂ ಇದೆ, ಹೆಚ್ಚೂ ಇದೆ. ಇಂಗ್ಲಿಷರಿಗೆ ನೆರವಾದರೆಂಬ ಆರೋಪವೇ ಈ ಸೆರೆಗೆ ಮುಖ್ಯ ಕಾರಣವಾಗಿತ್ತು. ಶೃಂಗೇರಿಯ ಮಠಕ್ಕೆ ಭಕ್ತಿಯಿಂದ ಕಾಣಿಕೆ ಕಳುಹಿಸಿದ ದೊರೆಯೇ ಈ ಆಜ್ಞೆಯನ್ನೂ ಹೊರಡಿಸಿದನು. ಚರಿತ್ರೆಯಲ್ಲಿ ಇವೆರಡೂ ನಿಜ; ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವುದು ಸತ್ಯಕ್ಕೆ ಸಲ್ಲದು.

1799ರ ಬೇಸಗೆಯಲ್ಲಿ ಬಿಡುಗಡೆಯಾದವರಲ್ಲಿ ಅನೇಕರು ಮಂಗಳೂರಿನ ಕಡೆಗೆ ಮರಳಿದರು. ಅವರ ಎದೆಯ ಮೇಲೆ ಚಿನ್ನವೂ ಇರಲಿಲ್ಲ, ತವರವೂ ಇರಲಿಲ್ಲ. ಮೈಸೂರು ಸೀಮೆಯಲ್ಲಿಯೇ ಚದರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸುವ ಕೆಲಸ ದ್ಯುಬುವಾ ಸ್ವಾಮಿಗಳ ಪಾಲಿಗೆ ಬಂದಿತು. ಫ್ರಾನ್ಸಿನ ಆರ್ದೆಶ್ ಸೀಮೆಯಲ್ಲಿ 1766ರಲ್ಲಿ ಹುಟ್ಟಿ, 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಯಿಂದ ಭಾರತಕ್ಕೆ ಬಂದಿದ್ದ ಅವರು ಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಕರೆಸಲ್ಪಟ್ಟರು. ಗಂಜಾಮಿನಲ್ಲಿ ದೇವಾಲಯ ಎದ್ದುದು ಅವರಿಂದ. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ದೇಶೀಯರಂತೆಯೇ ಉಟ್ಟು, ಉಂಡು, ಹಳ್ಳಿಹಳ್ಳಿ ಸುತ್ತಿದರು. ಸಿಡುಬಿನ ದಾಕು ಹಾಕುವ ಪದ್ಧತಿ ಈ ದೇಶಕ್ಕೆ ಹೊಸದಾಗಿ ಬಂದಿದ್ದಾಗ, 1803 ಮತ್ತು 1804ರಲ್ಲಿ 25,432 ಜನರಿಗೆ ದಾಕು ಹಾಕಿಸಿದ ಲೆಕ್ಕ ಅವರ ಹೆಸರಿನಲ್ಲಿದೆ. ಆಗಿನ್ನೂ ಶ್ರೀರಂಗಪಟ್ಟಣದ ಪದಕಗಳು ಸೈನಿಕರ ಕೈ ಸೇರಿರಲಿಲ್ಲ. ಆ ಕಾಲದ ಈ ಎರಡು ಸಂಖ್ಯೆಗಳಲ್ಲಿ, ತವರದ ಬಿಲ್ಲೆಗಳು 45,000 ಮತ್ತು ಸಿಡುಬಿನಿಂದ ಉಳಿದ ತೋಳುಗಳು 25,432, ಎರಡನೆಯದನ್ನೇ ನಾವು ಹೆಚ್ಚಾಗಿ ಎಣಿಸುತ್ತೇವೆ.

ಸಂಗ್ರಹದಲ್ಲಿ ಆಸಕ್ತಿಯುಳ್ಳ ತರುಣರಿಗಾಗಿ ಕೆಲವು ಮಾತು. ಸೋಹೊದ ಪದಕವು ಸುಮಾರು 48 ಮಿಲಿಮೀಟರ್ ಅಗಲ, ಕಲ್ಕತ್ತೆಯದು 45. ಕಲ್ಕತ್ತೆಯ ಅಚ್ಚು ಸೋಹೊದಷ್ಟು ನಯವಲ್ಲ. ಪದಕವನ್ನು ಕೊಡುವಾಗ ನೇತುಹಾಕುವ ಬಳೆಯಿರಲಿಲ್ಲ. ಪಡೆದವರು ತಮತಮಗೆ ತೋಚಿದಂತೆ ಬಳೆಯನ್ನೋ ಕೊಂಡಿಯನ್ನೋ ಬೆಸೆಯಿಸಿಕೊಂಡರು. ಆದುದರಿಂದ ಕೊಂಡಿಗಳು ಬೇರೆಬೇರೆಯಾಗಿದ್ದ ಮಾತ್ರಕ್ಕೆ ಪದಕವು ಸುಳ್ಳೆಂದು ತಿಳಿಯಬಾರದು. ಸುಳ್ಳು ಪದಕವು ಸಾಮಾನ್ಯವಾಗಿ ಎರಕದ್ದು: ಅಕ್ಷರಗಳ ಅಂಚು ಮೊಂಡು, ಮೈಯಲ್ಲಿ ಸೂಜಿಮೊನೆಯಂಥ ತೂತುಗಳು, ಅಳತೆಯಲ್ಲಿ ಕೂದಲೆಳೆಯಷ್ಟು ಚಿಕ್ಕದು. ಹಬ್ಬ ಬಂತೆಂದು ಹಿತ್ತಾಳೆಯ ಪಾತ್ರೆಗಳೊಡನೆ ಹಳೆಯ ಪದಕಗಳನ್ನೂ ಹುಣಸೆಹಣ್ಣು ಬೂದಿ ಹಾಕಿ ತಿಕ್ಕುವ ಗೃಹಿಣಿಯರಿಗೆ ನಮ್ಮ ವಿನಯಪೂರ್ವಕ ಬಿನ್ನಹ: ದಯವಿಟ್ಟು ಹಾಗೆ ಮಾಡಬೇಡಿರಿ. ಎರಡು ಶತಮಾನ ಉಳಿದ ಮುಖಲಕ್ಷಣ ಒಂದು ಬೆಳಗಿನಲ್ಲಿ ಅಳಿಸಿಹೋಗುತ್ತದೆ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ದೊರೆತದ್ದನ್ನು ಮುಚ್ಚಿಟ್ಟುಕೊಳ್ಳದೆ ಸರ್ಕಾರಕ್ಕೆ ತಿಳಿಸಬೇಕೆಂಬುದು ಕಾನೂನು. ನೂರು ವರ್ಷ ಮೀರಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದ ಹೊರಕ್ಕೆ ಸಾಗಿಸುವುದನ್ನು 1972ರ ಪುರಾತನ ವಸ್ತುಗಳ ಅಧಿನಿಯಮವು ನಿಷೇಧಿಸಿದೆ. ಹಳೆಯ ಸಾಮಾನಿನ ವ್ಯಾಪಾರಿಗಳು ಬಾಗಿಲಿಗೆ ಬಂದಾಗ ಇದು ನೆನಪಿನಲ್ಲಿರಲಿ.

ಮೊದಲನೆಯ ಮಹಾಯುದ್ಧದ ಪದಕಗಳ ಸಂಗತಿ ಬೇರೆ. ಬೆಳ್ಳಿಯ ಯುದ್ಧಪದಕದ ಅಂಚಿನಲ್ಲಿ ಸೈನಿಕನ ಅಂಕಿ, ಹೆಸರು, ದಳ ಒತ್ತಿರುತ್ತವೆ. ಕೂಲಿದಳಗಳಲ್ಲಿ ದುಡಿದವರಿಗೆ ಅದೇ ಪದಕ ಕಂಚಿನಲ್ಲಿ ದೊರೆಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದುದರಿಂದ ನಮ್ಮ ಜಿಲ್ಲೆಯ ಮನೆಗಳಲ್ಲಿ ಇಂಥವು ಇರುವುದು ಸಹಜ. ಅಂಚನ್ನು ಬೂದುಗಾಜಿನಿಂದ ಓದಿದರೆ ಮುತ್ತಜ್ಜನ ಹೆಸರೇ ಕಾಣಿಸಬಹುದು. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಇವು ಅಕ್ಕಸಾಲಿಗನ ಮೂಸೆಗೆ ಹೋಗಿ ಬೀಳುತ್ತವೆಂಬುದು ದುಃಖದ ಸಂಗತಿ.

ಕೊನೆಯದಾಗಿ, ನಮ್ಮೆಲ್ಲರ ಮನೆಗಳಲ್ಲಿಯೂ ಇರುವ ಒಂದು ಪದಕದ ಮಾತು. ಅಜ್ಜಿಯರ ಕೊರಳಲ್ಲಿ ಕಪ್ಪು ದಾರದಲ್ಲಿ ತೂಗುವ, ಕೂಸುಗಳಿಗೆ ಜ್ಞಾನಸ್ನಾನದ ದಿನ ಕಟ್ಟುವ ದೇವಮಾತೆಯ ಅದ್ಭುತ ಪದಕವನ್ನು ಯಾವ ಸಂಗ್ರಹಕಾರನೂ ಅಪರೂಪದ್ದೆಂದು ಹೇಳುವುದಿಲ್ಲ. ಪ್ಯಾರಿಸ್ ನಗರದ ರ‍್ಯೂ ದ್ಯು ಬಾಕ್ ಎಂಬ ಬೀದಿಯ ಕನ್ಯಾಮಠದಲ್ಲಿ 1830ರ ನವೆಂಬರ್ 27ರಂದು ಸಂತ ಕ್ಯಾಥರೀನ್ ಲಬೂರೆಯವರಿಗೆ ಆದ ದರ್ಶನದಿಂದ ಅದು ಹುಟ್ಟಿತು. ಮೊದಲು ಅಚ್ಚಾದದ್ದು 1832ರಲ್ಲಿ. ಅದೇ ಬೀದಿಯಲ್ಲಿ, ಕೆಲವೇ ಮನೆಗಳ ಆಚೆ, ವಿದೇಶೀ ಧರ್ಮಪ್ರಚಾರ ಸಂಸ್ಥೆಯ ಗುರುಮಠವಿದೆ. 1823ರಲ್ಲಿ ಮೈಸೂರು ಸೀಮೆಯನ್ನು ಬಿಟ್ಟು ಹೋದ ದ್ಯುಬುವಾ ಸ್ವಾಮಿಗಳು ಆ ಗುರುಮಠದ ನಿರ್ದೇಶಕರಲ್ಲೊಬ್ಬರಾಗಿ, ಮುಂದೆ ಅದರ ಮುಖ್ಯಸ್ಥರೂ ಆಗಿ, 1848ರಲ್ಲಿ ತೀರಿಕೊಳ್ಳುವವರೆಗೂ ಪ್ಯಾರಿಸ್ಸಿನಲ್ಲಿಯೇ ಇದ್ದರು. ಗಂಜಾಮಿನಲ್ಲಿ ಚದರಿದ ಮಂದೆಯನ್ನು ಕೂಡಿಸಿದ ದೊಡ್ಡ ಸ್ವಾಮಿಯವರು ಬದುಕಿದ್ದಾಗಲೇ, ಅವರ ನೆರೆಯಲ್ಲಿಯೇ, ಈ ಪುಟ್ಟ ಪದಕ ಜನ್ಮತಾಳಿತು. ಅವರ ಸಂಸ್ಥೆಯ ಗುರುಗಳೇ ಮುಂದೆ ಹತ್ತೊಂಬತ್ತನೆಯ ಶತಮಾನವಿಡೀ ಮೈಸೂರು ಸೀಮೆಯ ಕ್ರೈಸ್ತರನ್ನು ಪಾಲಿಸಿದವರು.

ಇಂಥ ಪದಕಗಳು, ಯುದ್ಧದವಾಗಲಿ ಭಕ್ತಿಯವಾಗಲಿ, ಯಾರ ಮನೆಯಲ್ಲಿದ್ದರೂ ಅವರು ಅವುಗಳನ್ನು ನಮಗೆ ಒಪ್ಪಿಸಬೇಕಾಗಿಲ್ಲ. ಮನೆಯ ವಸ್ತು ಮನೆಯಲ್ಲೇ ಇರಲಿ. ಆದರೆ ಯಾರು ಪಡೆದದ್ದು, ಎಲ್ಲಿಂದ ಬಂದದ್ದು, ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಒಂದು ಹಾಳೆಯಲ್ಲಿ ಬರೆದು, ಪದಕದ ಎರಡು ಮುಖಗಳನ್ನೂ ಅದೇ ಹಾಳೆಯ ಮೇಲೆ ಸೀಸದಕಡ್ಡಿಯಿಂದ ಮೆಲ್ಲನೆ ಉಜ್ಜಿ ಪಡಿಯಚ್ಚು ತೆಗೆದು, ಗುರುಗಳ ಕೈಗೆ ಮುಟ್ಟಿಸಿದರೆ ಸಾಕು. ಜ್ಞಾನಸ್ನಾನದ ಮತ್ತು ಮದುವೆಯ ದಫ್ತರುಗಳಿರುವ ಬೀರುವಿನಲ್ಲಿ ಅವುಗಳಿಗೊಂದು ಕಡತವನ್ನು ಇಡಬಹುದು.